ಹತ್ತಿ ಒತ್ತಿ ಹಿಡಿದ ಹತ್ತು ನಿಮಿಷ

ಅಲ್ ಖೋಬರ್
೨೧ ಫೆಬ್ರವರಿ ೨೦೨೫, ಶುಕ್ರವಾರ

ಮುದ್ದಿನ ಅನಿಷಾ,

ಅಮ್ಮನ ಮುತ್ತುಗಳು. ನಿನ್ನ ಪತ್ರಕ್ಕೆ ಉತ್ತರಿಸಲು ಮೂರು ವಾರ ತಡಮಾಡಿದೆ, ಬೇಸರಿಸಬೇಡ. ಡ್ಯೂಟಿ ಹೆಚ್ಚಿತ್ತು ಎನ್ನಬಹುದಿತ್ತು, ಆದರೆ ಕಾರಣ ಅದಲ್ಲ. ಪಪ್ಪ ತೀರಿಹೋದ ಮೇಲೆ ಪ್ರಾರ್ಥಿಸಲು ಮನಸ್ಸೇ ಬರುವುದಿಲ್ಲ, ಸಂಜೆ ಪ್ರಾರ್ಥನೆಗೆ ಅತ್ತೆ ಕರೆದರೆ ತಲೆನೋವೆಂದು ಮಲಗಿಬಿಡುತ್ತೇನೆ ಎಂದು ಬರೆದಿದ್ದೆಯಲ್ಲ, ಅದಕ್ಕೇನು ಹೇಳಲಿ ಎಂದು ತಿಳಿಯಲಿಲ್ಲ. ಚರ್ಚೇ ಇಲ್ಲದ ಊರಿನಲ್ಲಿ ನೀನು ಹೇಗೆ ಪ್ರಾರ್ಥಿಸುತ್ತೀ ಎಂದೂ ಕೇಳಿದ್ದೆ. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿದೆ.

ಇಲ್ಲಿ ನಾನು ಮೊಣಕಾಲೂರುವುದು ಕಡಿಮೆ. ಆಸ್ಪತ್ರೆಯಲ್ಲಿ ಸೋಪು ಹಚ್ಚಿ ಕೈ ತೊಳೆದು ಮುಗಿಸುವಷ್ಟರಲ್ಲಿ ಕರ್ತನ ಪ್ರಾರ್ಥನೆಯೂ ಮುಗಿಯುತ್ತದೆ. ಬಸ್ಸಿನ ಕಿಟಕಿಯಿಂದ ರಸ್ತೆ ಅಗೆಯುವವರು ಕಂಡರೆ, ಇವರ ಹೆಂಡತಿ ಮಕ್ಕಳು ಚೆನ್ನಾಗಿರಲಿ ಎನ್ನುತ್ತೇನೆ. ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗ ಬಲತೋಳು ನಿನಗೆ, ಎಡತೋಳು ನಿನ್ನನ್ನು ನೋಡಿಕೊಳ್ಳುತ್ತಿರುವ ಅತ್ತೆಗೆ. ನೀನು ನಗುತ್ತೀ, ಗೊತ್ತು.

ನಮ್ಮ ಡಯಾಲಿಸಿಸ್ ವಿಭಾಗಕ್ಕೆ ವಾರಕ್ಕೆ ಮೂರು ದಿನ ಭಟ್ಕಳದ ಖತೀಜಮ್ಮ ಬರುತ್ತಾರೆ. ಅವರ ಮಗ ಅಯ್ಯೂಬ್ ಇಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವ ತನಕ ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಅದು ನನ್ನ ಪ್ರಾರ್ಥನೆಯ ಹೊತ್ತು. ಕ್ರಿಸ್ಮಸ್ ಕಳೆದ ಮೇಲೆ ಒಂದು ದಿನ ಖತೀಜಮ್ಮ ನನ್ನ ಮಾಸ್ಕ್ ಅಲ್ಲಾಡುವುದನ್ನು ಕಂಡು, "ಎಂತ ಹೇಳ್ತಾ ಇದ್ದೀ ಮಗಳೇ?" ಎಂದು ಕೇಳಿದರು. ಈ ಅರಬ್ ದೇಶದಲ್ಲಿ ನಮ್ಮ ಪ್ರಾರ್ಥನೆ ನಮ್ಮೊಳಗೇ ಇರಬೇಕು. ಯಾರಾದರೂ ದೂರಿದರೆ ಕೆಲಸವೇ ಹೋದೀತು. ಏನೋ ಒಂದು ಸುಳ್ಳು ಹೇಳಲು ಹೊರಟೆ, ಆಗಲಿಲ್ಲ. ನಿಮಗಾಗಿ ಯೇಸುಸ್ವಾಮಿಯ ಹತ್ತಿರ ಕೇಳುತ್ತಿದ್ದೆ ಎಂದುಬಿಟ್ಟೆ.

ಅವರ ಕೈ ನನ್ನ ಬೆರಳಿನಡಿಯಲ್ಲೇ ಇತ್ತು. ರಕ್ತ ನಿಂತಿರಲಿಲ್ಲ, ಬಿಟ್ಟು ಏಳುವಂತೆಯೂ ಇರಲಿಲ್ಲ.

"ನನಗೋಸ್ಕರ ಕೇಳಿದ್ದು ಸಾಕು," ಎಂದರು ಕೊನೆಗೆ. "ಸೊಸೆ ಫಿಝಾಗೆ ತಿಂಗಳು ತುಂಬ್ತಾ ಬಂತು. ಹಿಂದಿನ ಎರಡೂ ಉಳೀಲಿಲ್ಲ. ಅವಳಿಗೋಸ್ಕರ ಕೇಳು. ನಾನು ದುವಾಕ್ಕೆ ಕೈಯೆತ್ತಿ ಕೂತ್ರೆ ಬರೀ ಅಳುವೇ ಬರ್ತದೆ."

ಆಮೇಲೆ ಅವರು ಬಂದಾಗಲೆಲ್ಲ ಆ ಹತ್ತು ನಿಮಿಷ ಅವರು ಕಣ್ಣು ಮುಚ್ಚಿ ಅವರಷ್ಟಕ್ಕೆ, ನಾನು ಹತ್ತಿ ಒತ್ತಿ ನನ್ನಷ್ಟಕ್ಕೆ. ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಹತ್ತು ದಿನದ ಹಿಂದೆ ಫಿಝಾಗೆ ಹೆರಿಗೆಯಾಯಿತು. ಹೆಣ್ಣು ಮಗು, ಎರಡೂ ಜೀವ ಕ್ಷೇಮ. ಝಿಕ್ರಾ ಎಂದು ಹೆಸರಿಟ್ಟಿದ್ದಾರಂತೆ. ಖತೀಜಮ್ಮ ಖರ್ಜೂರದ ಡಬ್ಬಿ ತಂದು ಕೈಗಿತ್ತು, ಇನ್ನು ನಿನ್ನ ಮಗಳಿಗಾಗಿ ನಾನು ಕೇಳುತ್ತೇನೆ, ಹೆಸರು ಹೇಳು ಎಂದರು. ಹೇಳಿದೆ.

ನಿನಗೆ ಬೋಧಿಸಲು ಇದನ್ನೆಲ್ಲ ಬರೆಯಲಿಲ್ಲ. ಸಂಜೆ ಕೂರಲಾಗದಿದ್ದರೆ ಬಿಡು, ಒತ್ತಾಯಿಸಬೇಡಿ ಎಂದು ಅತ್ತೆಗೆ ನಾನೇ ಹೇಳುತ್ತೇನೆ. ಅವರ ಜೊತೆ ಪಾತ್ರೆ ತೊಳೆ, ಗಿಡಕ್ಕೆ ನೀರು ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕರೆಯದ ದಿನಗಳಲ್ಲೂ ಕರ್ತನು ನಿನ್ನ ಪಕ್ಕದಲ್ಲೇ ಇರಲಿ.

ನಿನ್ನ ಅಮ್ಮ,
ಸುಹಾಸಿನಿ

ತಾ.ಕ.: ಪಪ್ಪನ ಕೊನೆಯ ಗಳಿಗೆಯಲ್ಲಿ ನೀನು ಫೋನನ್ನು ಅವರ ಕಿವಿಗೆ ಹಿಡಿದು, "ಅಮ್ಮಾ, ಪ್ರಾರ್ಥನೆ ಮಾಡು, ಪಪ್ಪ ಕೇಳ್ತಾ ಇದ್ದಾರೆ" ಎಂದೆ. ನೆಟ್‌ವರ್ಕ್ ಹೋಯಿತು ಎಂದು ಆಮೇಲೆ ನಿನಗೆ ಹೇಳಿದೆನಲ್ಲ, ಹೋಗಿರಲಿಲ್ಲ ಮಗಳೇ. ಅವರ ಉಸಿರು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಕಾಲ್ ಕಟ್ ಮಾಡಿದ್ದು ನಾನೇ.