ಅರ್ಧಕ್ಕೆ ನಿಂತ ನೀಲಿ ತುಂಡು

ಪ್ರಫುಲ್ಲಾ,

ನಿನ್ನ ಬಟ್ಟೆ ತುಂಡುಗಳ ಚೀಲವನ್ನು ಇಲಿ ತಿಂದು ಮುಗಿಸಿತು. ಹೆದರಬೇಡ, ಸುಳ್ಳು. ನೀನು ತೇಪೆ ಹಾಕುವವಳು, ನಾನು ಟೋಪಿ ಹಾಕುವವನು. ಚೀಲವನ್ನು ಮೂಡಬಿದಿರೆಯ ವಿಜೇತಾಳಿಗೆ ಕೊಟ್ಟೆ. ಅವಳ ಗುಂಪಿನವರು ದಾನ ಬಂದ ತುಂಡುಗಳನ್ನು ಜೋಡಿಸಿ ಬಡ ರೋಗಿಗಳಿಗೆ ಕೌದಿ ಹೊಲಿಯುತ್ತಾರೆ.

ನಿನ್ನೆ ಅಲ್ಲಿಗೆ ಹೋಗಿದ್ದೆ. ನೀನು ತೀರಿಹೋಗುವಾಗ ಅರ್ಧಕ್ಕೆ ಬಿಟ್ಟಿದ್ದ ನೀಲಿ ತುಂಡು ಅವಳ ಕೈಯಲ್ಲಿತ್ತು.

"ಸುಧಾಕರಣ್ಣ, ಇದು ಅಕ್ಕನ ಹೊಲಿಗೆಯಾ ಮಾರಾಯ್ರೆ? ಕಪ್ಪೆ ಹಾರಿದ ಹಾಗೆ ಉಂಟು. ಬಿಚ್ಚುವ."

"ಬೇಡ. ಕೊನೆಗೆ ಅವಳ ಕೈ ನಡುಗ್ತಿತ್ತು."

ಅವಳು ಕತ್ತರಿ ಕೆಳಗಿಟ್ಟಳು.

ನಿನ್ನ ಕೈ ನಡುಗುತ್ತಿರಲಿಲ್ಲ, ಕಣ್ಣು ಮಂದವಾಗಿತ್ತು ಅಷ್ಟೆ. ಸೂಜಿಗೆ ನೂಲು ಪೋಣಿಸಿ ಕೊಡಿ ಎಂದಾಗಲೆಲ್ಲ ತುದಿಗೆ ಗಂಟು ಹಾಕದೆ ಕೊಡುತ್ತಿದ್ದೆ. ಹೊಲಿದ ನೂಲು ಜಾರಿ ಹೊರಗೆ ಬಂದರೆ ನಗುತ್ತಿದ್ದೆ.

ಆ ನೀಲಿ ತುಂಡನ್ನು ಮುಗಿಸಿದ್ದು ನಾನು. ಗಂಟು ಹಾಕಿದ್ದೇನೆ.