ಅಜ್ಜಿ ಮೆಟ್ಟಿಲಿನ ಬಲಗಡೆ

ಸೆಪ್ಟೆಂಬರ್ 8, ಮಧ್ಯಾಹ್ನ

ನದಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ನಿಂತಿದ್ದೇವೆ. ಹ್ಯಾಮ್ ಸ್ಯಾಂಡ್‌ವಿಚ್, ಪೀಚ್ ಹಣ್ಣು, ಬಾಯಿ ತುಂಬ ಧೂಳು. ಬೆಳಗ್ಗೆಯಿಂದ ಟ್ರಕ್ ಓಡಿಸುತ್ತಿರುವುದು ನಾನೇ. ಥೇನ್‌ಗೆ ಸೊಂಟ ನೋವಂತೆ. ಮದುವೆಯಾದಾಗಿನಿಂದ ಮರುಭೂಮಿಯ ರಸ್ತೆಯಲ್ಲಿ ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟ ಗಂಡನಲ್ಲ.

"ಏನು ಕಾಣ್ತಿದೆ ನೆಡ್ರಾ? ಹೇಳ್ತಾ ಹೋಗು, ಬೇಜಾರು."

"ಏನಿದೆ ಹೇಳೋಕೆ? ಕುರುಚಲು ಗಿಡ. ಆಮೇಲೆ ಇನ್ನೊಂದು ಕುರುಚಲು ಗಿಡ."

"ಯಾವ ಬಣ್ಣ?"

ಹೇಳಿದೆ. ಬೂದಿ ಬಣ್ಣ, ತುದಿಗೆ ಹಳದಿ. ಎಡಕ್ಕೆ ಜಿಂಕೆ ಹಿಂಡು. ಈ ವಯಸ್ಸಿನಲ್ಲಾದರೂ ನನ್ನ ಮಾತು ಬೇಕಾಯಿತಲ್ಲ... ಖುಷಿ.

ಸೆಪ್ಟೆಂಬರ್ 9

ಗ್ರೀನ್ ನದಿ. ಸೊಳ್ಳೆ, ಸೊಳ್ಳೆ. ಮೈದುನ ವರ್ಲ್ ತನ್ನ ರಾಫ್ಟ್, ಗಾಳಿ ತುಂಬಿದ ರಬ್ಬರ್ ದೋಣಿ, ತಂದಿದ್ದಾನೆ; ನಮ್ಮದೂ ಒಂದಿದೆ. ಒಂದರಲ್ಲಿ ಅವನು, ಇನ್ನೊಂದರಲ್ಲಿ ನಾವಿಬ್ಬರು. ಟ್ರಕ್‌ಗಳನ್ನು ಬಾಡಿಗೆ ಡ್ರೈವರ್‌ಗಳು ಪಯಣ ಮುಗಿಯುವ ಕೆಳಗಿನ ದಡಕ್ಕೆ ಒಯ್ದರು. ಇನ್ನು ಹಿಂದಕ್ಕೆ ದಾರಿಯಿಲ್ಲ.

ಲೈಫ್ ಜಾಕೆಟ್ ತಪಾಸಣೆಗೆ ಬಂದ ರೇಂಜರ್ ಹುಡುಗಿ, ನದಿ ಬಂಡೆಗಳ ನಡುವೆ ಭೋರ್ಗರೆದು ಇಳಿಯುವ ರ‍್ಯಾಪಿಡ್‌ಗಳ ಬಗ್ಗೆ ಎಚ್ಚರಿಸಿದಳು. "ಅಜ್ಜಿ ಮೆಟ್ಟಿಲು ರ‍್ಯಾಪಿಡ್ ಮೊದಲಿನ ಹಾಗಿಲ್ಲ ಸರ್. ಹೋದ ತಿಂಗಳ ಮಳೆಗೆ ಪಕ್ಕದ ಕೊಳ್ಳದಿಂದ ಬಂಡೆ ಕೊಚ್ಕೊಂಡು ಬಂದಿದೆ. ದಡ ಹತ್ತಿ ನೋಡ್ಕೊಂಡೇ ಇಳೀರಿ."

"ನೀನು ಹುಟ್ಟೋಕೆ ಮುಂಚಿನಿಂದ ಆ ಅಜ್ಜಿ ನಂಗೆ ಗೊತ್ತಮ್ಮ," ಅಂದ ಥೇನ್. "ಬಲಗಡೆಯಿಂದ ಹೋದ್ರೆ ಮಡಿಲಲ್ಲಿ ಕೂರಿಸ್ಕೊಂಡು ಇಳಿಸ್ತಾಳೆ."

ವರ್ಲ್ ನಗಲಿಲ್ಲ. "ನೋಡ್ಕೊಂಡೇ ಇಳೀತೀವಿ," ಅಂದ.

ಸೆಪ್ಟೆಂಬರ್ 10

ನೀರು ಶಾಂತ. ಗೋಡೆಗಳು ಎತ್ತರವಾಗುತ್ತಿವೆ. ವರ್ಲ್ ಯಾವಾಗಲೂ ಮುಂದೆ, ಯಾವಾಗಲೂ ಸಿಳ್ಳೆ. ಒಂದೇ ರಾಗ, ಬೆಳಗ್ಗೆಯಿಂದ ಸಂಜೆವರೆಗೆ.

"ವರ್ಲ್! ಬಾಯಿಗೆ ಸ್ವಲ್ಪ ರಜಾ ಕೊಡೋ!"

"ಪುಕ್ಕಟೆ ಕಛೇರಿ ಕೇಳ್ಕೊಂಡು ಬೈತೀರಲ್ಲ ಅತ್ತಿಗೆ!"

"ಹೊಡೀಲಿ ಬಿಡು," ಅಂದ ಥೇನ್. ತಮಾಷೆಯ ದನಿಯಲ್ಲ. ಹುಟ್ಟು ಹಾಕುತ್ತ ಕತ್ತು ಓರೆ ಮಾಡಿ ಕೇಳುತ್ತಿದ್ದ. ಸಂಗೀತದ ಗೀಳಿಲ್ಲದ ಮನುಷ್ಯ.

ಸೆಪ್ಟೆಂಬರ್ 12, ಸಂಜೆ

ನಿನ್ನೆ ಬರೆಯಲಾಗಲಿಲ್ಲ.

ಕ್ರಮವಾಗಿ ಬರೆಯಬೇಕು. ನಿನ್ನೆ ಅಜ್ಜಿ ಮೆಟ್ಟಿಲಿನ ಮೇಲುಗಡೆ ವರ್ಲ್ ತನ್ನ ರಾಫ್ಟ್ ಕಟ್ಟಿ ದಡದಲ್ಲಿ ನಿಂತಿದ್ದ. ಎರಡೂ ಕೈ ಬೀಸುತ್ತಿದ್ದ. ಬಾಯಿ ಅಲ್ಲಾಡುತ್ತಿತ್ತು, ರ‍್ಯಾಪಿಡ್ಡಿನ ಮೊರೆತಕ್ಕೆ ಏನೂ ಕೇಳಿಸಲಿಲ್ಲ. ಥೇನ್ ನೋಡಿದ್ದಾನೆ, ದಡಕ್ಕೆ ತಿರುಗಿಸುತ್ತಾನೆ ಅಂದುಕೊಂಡೆ. ನಾನೂ ಕೈ ಬೀಸಿದೆ — ನಗುತ್ತ.

ದಾಟಿ ಹೋದೆವು.

"ಅಗೋ, ಬಲಗಡೆ," ಅಂದ ಥೇನ್. "ನೀರು ಗಾಜಿನ ಹಾಗೆ ಜಾರ್ತಿದೆ ನೋಡು. ಹೇಳಿರ್ಲಿಲ್ವಾ?"

ಬಲಗಡೆ ಗಾಜು ಇರಲಿಲ್ಲ. ಬಂಡೆ ಇತ್ತು. ನಮ್ಮ ಟ್ರಕ್ಕಿನಷ್ಟು. ನದಿ ಅರ್ಧಕ್ಕರ್ಧ ಅದಕ್ಕೆ ಬಡಿಯುತ್ತಿತ್ತು.

"ಥೇನ್, ಬಂಡೆ!"

"ಎಲ್ಲಿ?"

ಎಲ್ಲಿ ಅಂದ. ಎದುರಿಗಿತ್ತು.

ಬಡಿಯಿತು. ರಾಫ್ಟ್ ಬಂಡೆಯ ಮೇಲೆ ಹತ್ತಿ ನಿಂತಿತು, ಒಂದು ಹುಟ್ಟು ಮುರಿಯಿತು, ಥೇನ್ ನೀರಿಗೆ ಬಿದ್ದ. ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ನನ್ನ ಬೆರಳಿಗೆ ಸಿಕ್ಕಿತು. ಬಿಡಲಿಲ್ಲ. ರಾಫ್ಟ್ ಯಾವಾಗ ಜಾರಿ ಬಿಡಿಸಿಕೊಂಡಿತೋ, ಅವನನ್ನು ಹೇಗೆ ಒಳಕ್ಕೆಳೆದೆನೋ ತಿಳಿಯದು.

ಮರಳಿನ ಮೇಲೆ ಕೆಮ್ಮುತ್ತ ಕೂತಿದ್ದ. ನಾನು ಎದುರಿಗೇ ನಿಂತಿದ್ದೆ. ಅವನು ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತ ಕೇಳಿದ, "ನೆಡ್ರಾ, ಎಲ್ಲಿದ್ದೀಯ?"

ಆಗ ಗೊತ್ತಾಯಿತು.

ವರ್ಲ್ ಬಂಡೆಗಳ ಮೇಲಿಂದ ಎದ್ದುಬಿದ್ದು ಓಡಿ ಬಂದ. ಅವನಿಗೆ ಮೊದಲೇ ಗೊತ್ತಿತ್ತು. ಸಿಳ್ಳೆ ಅದಕ್ಕೇ, ಅಣ್ಣ ಅದರ ದನಿ ಹಿಡಿದು ಹಿಂದೆ ಬರಲಿ ಅಂತ.

"ಕಣ್ಣ ನಡುವೆ ಬರೀ ಹೊಗೆ," ಅಂದ ಥೇನ್. "ಅಂಚಲ್ಲಿ ಸ್ವಲ್ಪ ಬೆಳಕು. ಹೋದ ಚಳಿಗಾಲದಿಂದ. ಹೇಳಿದ್ರೆ ನದಿಗೆ ಬಿಡ್ತಿದ್ಯಾ?"

"ನಾನೂ ಅದೇ ದೋಣಿಯಲ್ಲಿದ್ದೆ ಥೇನ್!"

ಅವನು ಒದ್ದೆ ಜಾಕೆಟ್ಟಿನ ಪಟ್ಟಿ ಬಿಚ್ಚತೊಡಗಿದ.

ಹೋದ ಚಳಿಗಾಲದಿಂದ ಅವನು ನನ್ನ ಮುಖ ನೋಡಿಲ್ಲ. ಒಂದೇ ಮೇಜಿನಲ್ಲಿ ಉಂಡಿದ್ದೇವೆ. ನನಗೆ ತಿಳಿಯಲಿಲ್ಲ.

ಸೆಪ್ಟೆಂಬರ್ 13, ಬೆಳಗ್ಗೆ

ನಿದ್ದೆ ಇಲ್ಲ. ಮುಂದೆ ಇನ್ನೂ ದೊಡ್ಡ ರ‍್ಯಾಪಿಡ್‌ಗಳಿವೆ. ಈ ಕಣಿವೆಯಿಂದ ಹೊರಗೆ ನಡೆದು ಹೋಗಲು ಹಾದಿಯಿಲ್ಲ.

"ಎರಡು ರಾಫ್ಟನ್ನೂ ನಾನೇ ಇಳಿಸ್ತೀನಿ," ಅಂದ ವರ್ಲ್. "ಒಂದನ್ನ ಇಳಿಸಿ, ನಡ್ಕೊಂಡು ವಾಪಸ್ ಬಂದು, ಇನ್ನೊಂದು. ಅಣ್ಣ ಸುಮ್ನೆ ಕೂತಿರ್ಲಿ."

ಥೇನ್ ತಲೆ ತಗ್ಗಿಸಿ, ಹೆಚ್ಚುವರಿಯಾಗಿ ತಂದಿದ್ದ ಹುಟ್ಟಿನ ಹಿಡಿಗೆ ಹಗ್ಗ ಸುತ್ತುತ್ತಿದ್ದ. ಬೆರಳುಗಳು ಎಲ್ಲೂ ತಡವರಿಸಲಿಲ್ಲ. ನನ್ನ ತೋಳಿಗೆ ಆ ಹುಟ್ಟು ಎತ್ತುವ ಶಕ್ತಿಯಿಲ್ಲ.

"ನಿನ್ನ ಅಣ್ಣನೇ ಹುಟ್ಟು ಹಾಕ್ಲಿ," ಅಂದೆ. "ಪ್ರತಿ ಸಲ ದಡ ಹತ್ತಿ ನೋಡ್ತೀನಿ. ಆಮೇಲೆ ಮುಂದೆ ಕೂತು ಹೇಳ್ತೀನಿ."

"ಕೋಪ ಇಳೀತಾ?" ಅಂದ ಥೇನ್.

"ಇಲ್ಲ. ಎಡ ಅಂದ್ರೆ ಎಡ. ಎದುರು ಮಾತಾಡಿದ್ರೆ ನೀರಿಗೆ ನಾನೇ ತಳ್ತೀನಿ."

ಅದೇ ದಿನ, ದಡದ ಬಂಡೆಯ ಮೇಲೆ

ನೋಡಿದ್ದಾಯಿತು. ಎಡಕ್ಕೆ ನಯವಾದ ನೀರು, ಆಮೇಲೆ ಎರಡು ಬಂಡೆ, ನಡುವೆ ಒಂದು ರಾಫ್ಟಿನಷ್ಟೇ ಜಾಗ. ಕೆಳಗೆ ಥೇನ್ ಹುಟ್ಟು ಹಿಡಿದು ಕೂತಿದ್ದಾನೆ, ಮುಖ ನನ್ನ ಕಡೆಗೆ — ಹೆಚ್ಚುಕಡಿಮೆ ನನ್ನ ಕಡೆಗೆ.

"ಏನು ಕಾಣ್ತಿದೆ ನೆಡ್ರಾ?"

ಇಳಿದು ಹೋಗಿ ಹೇಳಬೇಕು. ಬಣ್ಣದಿಂದ ಶುರು ಮಾಡ್ತೀನಿ. ನೀರು ಕಂದು, ತುದಿಗೆ ಬಿಳಿ ನೊರೆ.