ಅಪ್ಪನ ಫೋನಿಗೆ ಬಂದ ಫರ್ಮಾನು

ಅಕ್ಟೋಬರ್ 6, ಸೋಮವಾರ. ಮಸ್ಕಿ. ಬೆಳಿಗ್ಗೆ 9

ಮತ್ತೆ ಬಂತು ಫರ್ಮಾನು, ಅಪ್ಪನ ಫೋನಿಗೆ. ‘ಹೊಸ ಆವೃತ್ತಿ ಸಿದ್ಧವಿದೆ. ಈಗಲೇ ಹಾಕಿ — ನಾಳೆ ನೆನಪಿಸಿ.’ ಎಂದಿನಂತೆ ‘ನಾಳೆ’ ಒತ್ತಿದೆ. ಹನ್ನೊಂದನೇ ಸಲ.

ಕಾರಣ ಇತಿಹಾಸದಲ್ಲಿ ದಾಖಲಾಗಲಿ. ಶ್ರೀಮಾನ್ ಬಸ್ಸಪ್ಪನವರು, ಎಂದರೆ ನಮ್ಮಪ್ಪ, ಲಿಂಗಸುಗೂರು ಕಡೆಯ ಕಲ್ಲಿನ ಕ್ವಾರಿಗಳಲ್ಲಿ ಇಪ್ಪತ್ತೆಂಟು ವರ್ಷ ಡ್ರಿಲ್ ಹಿಡಿದು ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು. ಜೂನ್‌ನಲ್ಲಿ ಸಿಂಧನೂರಿನಿಂದ ಕಿವಿ ಮಷೀನ್ ತಂದ್ವಿ. ಅದು ನಡೆಯೋದು ಫೋನಿನ ಆ್ಯಪ್ ಹೇಳಿದಂಗ. ಅಪ್‌ಡೇಟ್ ಹಾಕಿದ್ರ ಆ್ಯಪ್ ಕೈ ಕೊಡಬಹುದು. ಮಷೀನ್ ಕೊಟ್ಟ ಮಮತಾ ಮೇಡಂ ಕಳಿಸಿದ ಮೆಸೇಜು — “ನಾವು ಹೇಳೋತನಕ ಮುಟ್ಟಬ್ಯಾಡ್ರಿ. ಬಂದ್ ಬಿತ್ತಂದ್ರ ಮುಂದ ನನ್ನ ಕೈಯಾಗ ಏನೂ ಇಲ್ಲ.”

ಅಪ್ಪನ ಮುಂದೆ ಎದ್ದು ನಿಂತು ಓದಿ ಹೇಳಿದೆ. ಕಡೆಗೆ ನನ್ನದೊಂದು ಸಾಲು — “ಅಪ್‌ಡೇಟ್ ಹಾಕಿದವನ ಕೈ ಕಡಿಯತಕ್ಕದ್ದು.”

“ಮೊದಲ ನಿನ್ನ ನಾಲಿಗಿ ಕಡೀಬೇಕಲೇ ಭೀಮೇಶ.” ನಕ್ಕ.

ಅಕ್ಟೋಬರ್ 9

ಆ್ಯಪಿನಲ್ಲಿ ನಿಧಿ ಪತ್ತೆ! ‘ದೂರದ ಮೈಕ್’. ಚಾಲೂ ಮಾಡಿ ಫೋನ್ ಎಲ್ಲಾದರೂ ಇಟ್ಟರೆ ಅಲ್ಲಿ ಆಡಿದ ಮಾತು ಹತ್ತು ಹೆಜ್ಜೆ ಆಚೆ ಕುಂತ ಅಪ್ಪನ ಕಿವಿಯೊಳಗೆ.

ಹಿಟ್ಟಿನ ಡಬ್ಬಿ ಹಿಂದೆ ಫೋನ್ ಇಟ್ಟೆ. ಅವ್ವ ರೊಟ್ಟಿ ಬಡಿಯುತ್ತಾ ಗೊಣಗಿದಳು — “ಉಣ್ಣಾಕ ಕರದ್ರ ಕಲ್ಲು ಕುಂತಂಗ ಕುಂದರ್ತಾನ.”

ಹೊರಗಿನ ಕಟ್ಟಿ ಮೇಲಿಂದ ಅಪ್ಪ — “ಕಲ್ಲು ಎದ್ದು ಬರಾಕತ್ತೈತಿ, ರೊಟ್ಟಿ ಹಾಕು.”

ಅವ್ವನ ಕೈಯ ರೊಟ್ಟಿ ಹರೀತು. ಮೂವರೂ ನಕ್ಕಿದ್ದೇ ನಕ್ಕಿದ್ದು. ಒಂದು ಗಮನಿಸಿದೆ — ಅಪ್ಪ ನಮ್ಮ ಜೋಡೀನೇ ನಕ್ಕ. ಮೊದಲೆಲ್ಲಾ ನಮ್ಮ ಮುಖ ನೋಡಿ, ಆಮೇಲೆ ನಗ್ತಿದ್ದ.

ಅಕ್ಟೋಬರ್ 14. ಸಂಜೆ 5. ಅಂಗಡಿ

ಬರೀಬಾರದು ಅಂದ್ಕೊಂಡೆ. ಬರೀತೀನಿ.

ಮಧ್ಯಾಹ್ನ ವಿರೇಶನ ಫ್ಲೆಕ್ಸ್ ಅಂಗಡಿಗೆ, ನನ್ನ ನೌಕರಿ ಇರೋದು ಅಲ್ಲೇ, ಅಪ್ಪ ಊಟದ ಡಬ್ಬಿ ತಂದ. ಫೋನ್ ಚಾರ್ಜಿಗೆ ಹಾಕಿ ಪಕ್ಕದ ಜಂಗ್ಲಿಸಾಬ್ ಚಾದಂಗಡಿಗೆ ಹೋದ. ವಿರೇಶನಿಗೆ ತೋರಿಸಬೇಕಲ್ಲ — ಮೈಕ್ ಚಾಲೂ ಮಾಡಿ ಘೋಷಿಸಿದೆ. “ಬಸ್ಸಪ್ಪನವರೇ, ಎರಡು ಚಾ ಇತ್ತ ಕಳಿಸತಕ್ಕದ್ದು.” ಎರಡು ಚಾ ಬಂದವು! ವಿರೇಶ ದಂಗು.

ಚಾ ಕುಡೀತಾ ವಿರೇಶ — “ನಿಮ್ಮಪ್ಪನ ಐಟಂ ಮಾಡಲೇ, ಭಾಳ ದಿನ ಆತು.”

ಮಾಡಿದೆ. ಕಿವಿಗೆ ಕೈ ಹಚ್ಚಿ, ಗಂಟಲು ಹರಿಯುವಂಗ — “ಆಂ? ಯಾರು ಸತ್ರು? ಮದುವೀನಾ? ಚೊಲೋ ಆತು ಬಿಡು!” ವಿರೇಶ ಹೊಟ್ಟಿ ಹಿಡ್ಕೊಂಡ. ನನಗೆ ಇನ್ನೂ ಹುರುಪು. ಸ್ಟೂಲ್ ಏರಿ ಭಾಷಣ — “ಮಹಾಜನರೇ! ಆತ ಕೆಪ್ಪ ಇದ್ದಾಗ ನಮ್ಮ ಮನಿಗೆ ಸ್ವಾತಂತ್ರ್ಯ ಇತ್ತು. ಆ ಹಾಳಾದ ಮಷೀನ್ ಯಾಕರ ಬಂತೋ!”

ಇಳಿದು ನೋಡ್ತೀನಿ... ಮೈಕ್ ಬಂದ್ ಮಾಡಿಲ್ಲ.

ಹೊರಗೆ ಓಡಿದೆ. ಬೆಂಚಿನ ಮೇಲೆ ಅರ್ಧ ಚಾ. ಜಂಗ್ಲಿಸಾಬ್ ಕಪ್ ಎತ್ತುತ್ತಾ — “ಒಬ್ರೇ ನಗ್ತಾ ಕುಂತಿದ್ರು. ಒಮ್ಮಿಗೇ ಎದ್ದು ಹೋದ್ರಪಾ. ಮೈಯಾಗ ಆರಾಮ ಇಲ್ಲೇನು ಅವರಿಗೆ?”

ಅಕ್ಟೋಬರ್ 15

ಅಪ್ಪ ಇವತ್ತೂ ಅಂಗಡಿಗೆ ಊಟದ ಡಬ್ಬಿ ತಂದ, ಇಟ್ಟು ಹೋದ. ಬೈದಿದ್ರ ಚೊಲೋ ಇತ್ತು.

ಅಕ್ಟೋಬರ್ 28

ಅಂಗಡಿಯಾಗ ಆದದ್ದನ್ನ ಅವ್ವನಿಗೆ ಹೇಳಿದ್ದೀನಿ. ಆಕಿ ನನ್ನ ಜೋಡಿ ಮಾತು ಬಿಟ್ಟಾಳ.

ಇವತ್ತು ಅಪ್ಪ ಫೋನ್ ತಂದು ನನ್ನ ಮುಂದಿಟ್ಟ. “ಅಪ್‌ಡೇಟ್ ಹಾಕು.”

“ಯಪ್ಪಾ, ಮಷೀನ್ ಬಂದ್ ಬಿದ್ರ?”

“ಗೊತ್ತೈತಿ. ನೀನ ಓದಿ ಹೇಳೀದಿ.”

“ಮತ್ಯಾಕ?”

“ಇಷ್ಟು ವರ್ಷ ನೀವು ನಗ್ತಿದ್ರಿ, ನಾನೂ ಜೋಡಿ ನಗ್ತಿದ್ದೆ. ಯಾತಕ್ಕ ನಗ್ತೀರಿ ಅನ್ನೋದು ಗೊತ್ತಿರಲಿಲ್ಲ. ಹಂಗ ಇರ್ಲಿ.”

ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ. ಅವ್ವ ಹೊಳ್ಳಿ ನೋಡಲಿಲ್ಲ.

ತಪ್ಪಾತು ಅನ್ನಾಕ ಬಾಯಿ ತೆಗೆದೆ. ಬಂದದ್ದು ಅದೇ ನಾಟಕದ ಧ್ವನಿ — “ಪಿತೃದೇವಾ...” ಅಲ್ಲಿಗೇ ನಿಂತೆ. ನನಗೆ ಬೇರೆ ಧ್ವನಿ ಇಲ್ಲವೋ ಏನೋ.

ನವೆಂಬರ್ 2, ಭಾನುವಾರ. ಬೆಳಿಗ್ಗೆ 11

ನಾನು ಹಾಕಲಿಲ್ಲ. ಅಪ್ಪ ತಾನೇ ಶುರು ಮಾಡ್ಯಾನ. ಫೋನ್ ಪಿನ್ ಕೇಳ್ತು. ಅವನು ದಿನಾ ಬೆರಳಚ್ಚಿನಿಂದಲೇ ತೆಗೆಯೋದು. ಪಿನ್ ಹಾಕಿಕೊಟ್ಟವನು ನಾನು, ಅದು ನನಗಷ್ಟೇ ಗೊತ್ತು.

“ಎಷ್ಟು?”

ಸುಳ್ಳು ನಂಬರ್ ಹೇಳಿದೆ. ಒತ್ತಿದ. ತಪ್ಪು ಅಂತು. ಇನ್ನೊಂದು ಸುಳ್ಳು ಹೇಳಿದೆ. ಮತ್ತೆ ಒತ್ತಿದ, ಸಾವಕಾಶ, ಒಂದೊಂದೇ ಅಂಕಿ.

ತಲೆ ಎತ್ತಿದ. “ಇದೂ ಚಾಷ್ಟಿ ಏನಪಾ?”

ಹುಟ್ಟಿದಾಗಿನಿಂದ ನಾನು ಮಾಡಿದ್ದರಲ್ಲಿ ಚಾಷ್ಟಿ ಅಲ್ಲದ್ದು ಇದೊಂದೇ. “ಅಲ್ಲ ಯಪ್ಪಾ, ನಿನಗ ಕೇಳಿಸ್ಬೇಕು ಅಂತ” — ಅನ್ನೋದ್ರೊಳಗ ಮಷೀನ್ ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟ.

ಅಪ್‌ಡೇಟ್ ಹಾಕಿಲ್ಲ. ಆ್ಯಪ್ ಆರಾಮ ಐತಿ. ಮಷೀನ್ ನೂರಕ್ಕೆ ನೂರು ಸರಿ ಐತಿ, ಡಬ್ಬಿಯೊಳಗೆ.

ಹೊರಗೆ ಕಟ್ಟಿ ಮೇಲೆ ಕುಂತಿದ್ದ. ಎದುರಿಗೆ ಕುಕ್ಕರಗಾಲಿನಲ್ಲಿ ಕುಂತೆ. ತುಟಿ ನೋಡಿಯಾದರೂ ತಿಳಿದಾನು ಅಂತ ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳಾಕತ್ತೆ.

ಅಪ್ಪ ಕಣ್ಣು ಮುಚ್ಚಿದ.

ನಾನು ನಿಲ್ಲಿಸಲಿಲ್ಲ. “ತಪ್ಪಾತು ಯಪ್ಪಾ, ಅವತ್ತು ನಾನು...”